ಇಳಿಜಾರಿನಲ್ಲಿ ಮೂರನೇ ಗೇರ್ ತಾನಾಗಿ ಬಿಡುತ್ತದೆ, ಗೇರ್ ಬಾಕ್ಸ್ ಪೂರ್ತಿ ಇಳಿಸಲೇಬೇಕಾ?

ಕೆಂಪು ಬಾನೆಟ್

ಎಲ್ಲರಿಗೂ ನಮಸ್ಕಾರ. ನನ್ನದು 40 ವರ್ಷ ದಾಟಿದ ಟ್ರ್ಯಾಕ್ಟರ್. ಮುಂದಕ್ಕೆ 8 ಗೇರ್, ಹಿಂದಕ್ಕೆ 2. ಗೇರ್ ಲಿವರ್ ಒಂದು, ಹೈ-ಲೋ ಲಿವರ್ ಇನ್ನೊಂದು. ಓಡುತ್ತಿರುವಾಗಲೇ ಗೇರ್ ಬೀಳಲು ನೆರವಾಗುವ ಸಿಂಕ್ರೋ ಗಿಂಕ್ರೋ ಏನೂ ಇಲ್ಲ, ಗಾಡಿ ನಿಲ್ಲಿಸಿಯೇ ಗೇರ್ ಹಾಕಬೇಕು. ಕಂಪನಿ ಹೆಸರು ಬೇಡ ಬಿಡಿ, ಇಷ್ಟು ವರ್ಷ ದುಡಿದ ಗಾಡಿಯನ್ನು ಬೈಯಲು ಮನಸ್ಸಿಲ್ಲ.

ತೊಂದರೆ ಎರಡು. ಲೋಡ್ ಆದ ಟ್ರೈಲರ್ ಕಟ್ಟಿಕೊಂಡು ಇಳಿಜಾರಿಗೆ ಬಂದು ಆಕ್ಸಿಲರೇಟರ್ ಬಿಟ್ಟರೆ ಮೂರನೇ ಗೇರ್ ಟಪ್ ಅಂತ ನ್ಯೂಟ್ರಲ್‌ಗೆ ಬರುತ್ತದೆ. ಮೊನ್ನೆ ಹಾಗೇ ಆಗಿ ಎದೆ ಝಲ್ಲೆಂದಿತು. ಇನ್ನೊಂದು, ಮೊದಲನೇ ಗೇರ್ ಮತ್ತು ರಿವರ್ಸ್ ಹಾಕುವಾಗ ಕರ್ರ್ ಅಂತ ಹಲ್ಲು ಉಜ್ಜುತ್ತದೆ. ಎಂಜಿನ್ ಬಂದ್ ಮಾಡಿ ಹಾಕಿದರೆ ಬೆಣ್ಣೆಯ ಹಾಗೆ ಬೀಳುತ್ತದೆ.

ಮೆಕ್ಯಾನಿಕ್ ಒಬ್ಬರು ಬಂದು ಲಿವರ್ ಎರಡು ಸಲ ಅಲ್ಲಾಡಿಸಿ, "ಒಳಗೆ ಹಲ್ಲೆಲ್ಲ ಹೋಗಿವೆ, ಬಾಕ್ಸ್ ಪೂರ್ತಿ ಇಳಿಸಬೇಕು" ಅಂದರು. ಗಾಡಿ ಓಡಿಸಿ ನೋಡಲೂ ಇಲ್ಲ. ನಿಜವಾಗಲೂ ಇಳಿಸಲೇಬೇಕಾ?

ನೊಗ

ಓಡಿಸದೆಯೇ ಹಲ್ಲು ಹೋಗಿವೆ ಅಂದವರು ಮೆಕ್ಯಾನಿಕ್ ಅಲ್ಲ, ಕಣಿ ಹೇಳುವವರು.

ಉಳುಮೆ ಹುಚ್ಚ

ಅಣ್ಣ, ನನಗೂ ಹೀಗೇ ಆಗಿತ್ತು. ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಲಿವರನ್ನು ಸೀಟಿನ ಕೆಳಗೆ ಎಳೆದು ಕಟ್ಟಿದೆ. ಎರಡು ವರ್ಷ ಆರಾಮಾಗಿ ಓಡಿತು. ಶಬ್ದ ಇದ್ದರೆ ಒಂದು ನಂಬರ್ ದಪ್ಪದ ಆಯಿಲ್ ಹಾಕಿ, ಸುಮ್ಮನಾಗುತ್ತದೆ.

ಹಳೇ ಪಾನ

ರಬ್ಬರ್ ಕಟ್ಟಬೇಡಿ. ಕಾರಣ ಹೇಳುತ್ತೇನೆ. ಲಿವರನ್ನು ಎಳೆದು ಕಟ್ಟಿದರೆ ಒಳಗಿನ ಫೋರ್ಕ್ ತಿರುಗುವ ಗೇರಿನ ಮೇಲೆ ಸದಾ ಒತ್ತಿಕೊಂಡೇ ಇರುತ್ತದೆ. ಫೋರ್ಕ್ ಇರುವುದು ಗೇರನ್ನು ಜರುಗಿಸುವುದಕ್ಕೆ, ಹಿಡಿದುಕೊಂಡು ಕೂರುವುದಕ್ಕಲ್ಲ. ಆ ಒತ್ತಡಕ್ಕೆ ಅದರ ಅಂಚು ಬಿಸಿಯಾಗಿ ಸವೆಯುತ್ತದೆ. ಆಗ ಇದ್ದ ಒಂದು ರೋಗಕ್ಕೆ ಇನ್ನೊಂದು ಸೇರುತ್ತದೆ. ಅವಸರದಲ್ಲಿ ಗೇರ್ ಬಿಡಿಸಬೇಕಾಗಿ ಬಂದರಂತೂ ರಬ್ಬರ್ ಬಿಚ್ಚುತ್ತಾ ಕೂರಬೇಕು.

ಕೆಂಪು ಬಾನೆಟ್ ಅವರೇ, ಮೊದಲ ಮಾತು. ಇದು ಸರಿಹೋಗುವ ತನಕ ಇಳಿಜಾರಿಗೆ ಲೋಡ್ ಟ್ರೈಲರ್ ಒಯ್ಯಬೇಡಿ. ಹಿಂದಿನ ಲೋಡ್ ನೂಕುತ್ತಿರುವಾಗ ಗೇರ್ ಬಿಟ್ಟರೆ ಎಂಜಿನ್ ಹಿಡಿತ ಹೋಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆ ವೇಗದಲ್ಲಿ ಸಿಂಕ್ರೋ ಇಲ್ಲದ ಗೇರ್ ಮತ್ತೆ ಬೀಳುವುದೂ ಇಲ್ಲ. ರಸ್ತೆಯಲ್ಲಿ ಎಡ-ಬಲ ಚಕ್ರಗಳ ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಹಾಕಿಯೇ ಇರಲಿ.

ಇನ್ನು ರೋಗದ ವಿಷಯ. ನಿಮ್ಮ ಎರಡು ದೂರು ಎರಡು ಬೇರೆ ಕಾಯಿಲೆ ಅಂತಲೇ ಇಟ್ಟುಕೊಳ್ಳಿ. ಎಂಜಿನ್ ಬಂದ್ ಮಾಡಿದರೆ ಗೇರ್ ಸಲೀಸಾಗಿ ಬೀಳುತ್ತದೆ ಅಂದಿರಿ. ಆ ಕರ್ರ್ ಶಬ್ದದಲ್ಲಿ ಬಾಕ್ಸಿನ ತಪ್ಪು ಕಡಿಮೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ನನ್ನ ಅನುಮಾನ. ಹೀಗೆ ಮಾಡಿ ನೋಡಿ. ಗಾಡಿ ಸಮತಟ್ಟಿನಲ್ಲಿರಲಿ, ಮುಂದೆ ಹಿಂದೆ ಯಾರೂ ಇರಬಾರದು. ಎಂಜಿನ್ ನಿಧಾನಕ್ಕೆ ಓಡುತ್ತಿರಲಿ, ನ್ಯೂಟ್ರಲ್‌ನಲ್ಲಿಡಿ. ಕ್ಲಚ್ ಪೂರ್ತಿ ಒತ್ತಿ, ಹತ್ತರ ತನಕ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಕ್ಲಚ್ ಸರಿ ಬಿಡುತ್ತಿದ್ದರೆ ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ನಿಂತಿರುತ್ತದೆ, ಗೇರ್ ಶಬ್ದವಿಲ್ಲದೆ ಬೀಳುತ್ತದೆ. ಎಣಿಸಿ ಮುಗಿದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡದೆ ಎಳೆಯುತ್ತಿದೆ. ಒತ್ತಿದ ಕೂಡಲೇ ಹಾಕಿದರೆ ಮಾತ್ರ ಕರ್ರ್, ಕಾದರೆ ಇಲ್ಲ ಅಂದರೆ ಅದು ನಿಮ್ಮ ಅವಸರ, ಗಾಡಿಯ ತಪ್ಪಲ್ಲ.

ಗ್ರೀಸ್ ಕೈ

ಜೊತೆಗೆ ಪೆಡಲಿನ ಫ್ರೀ ಪ್ಲೇ ಅಳೆಯಿರಿ. ಬೆರಳಲ್ಲಿ ಪೆಡಲ್ ಒತ್ತುತ್ತಾ ಹೋಗಿ, ಎಲ್ಲಿ ಗಟ್ಟಿಯಾಗುತ್ತದೋ ಅಲ್ಲಿಗೆ ಎಷ್ಟು ದೂರ ಅಂತ ಸ್ಕೇಲ್ ಹಿಡಿದು ನೋಡಿ. ಬಹಳ ಹಳೇ ಗಾಡಿಗಳಲ್ಲಿ 25 ಮಿ.ಮೀ. ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿರುವುದೇ ಕೊನೇ ಮಾತು.

ಇಲ್ಲಿ ಜಾಸ್ತಿ ಜನ ಉಲ್ಟಾ ತಿಳಿದಿರುತ್ತಾರೆ. ಕ್ಲಚ್ ಪ್ಲೇಟ್ ಸವೆದ ಹಾಗೆ ಫ್ರೀ ಪ್ಲೇ ಜಾಸ್ತಿ ಆಗುವುದಿಲ್ಲ, ಕಡಿಮೆ ಆಗುತ್ತದೆ. ಪೂರ್ತಿ ಇಲ್ಲವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಯಾವಾಗಲೂ ಕ್ಲಚ್ಚಿನ ಬೆರಳಿನಂಥ ಲಿವರುಗಳಿಗೆ ತಾಗಿಕೊಂಡೇ ತಿರುಗಿ ಸುಡುತ್ತದೆ, ಕ್ಲಚ್ ಜಾರುವುದಕ್ಕೂ ಶುರುವಾಗುತ್ತದೆ. ಫ್ರೀ ಪ್ಲೇ ವಿಪರೀತ ಜಾಸ್ತಿ ಇದ್ದರೆ ಪೆಡಲ್ ಓಟವೆಲ್ಲ ಅದರಲ್ಲೇ ಮುಗಿದು ಪ್ಲೇಟ್ ಪೂರ್ತಿ ಬಿಡುವುದಿಲ್ಲ. ನಿಮ್ಮದು ಈ ಎರಡನೇ ಜಾತಿ ಅನ್ನಿಸುತ್ತದೆ.

ಕೆಂಪು ಬಾನೆಟ್

ಈಗಷ್ಟೇ ನೋಡಿ ಬಂದೆ. ಹತ್ತಲ್ಲ, ಇಪ್ಪತ್ತರ ತನಕ ಎಣಿಸಿದರೂ ಕರ್ರ್. ಫ್ರೀ ಪ್ಲೇ ಅಳೆದರೆ 60 ಮಿ.ಮೀ.! ಬಗ್ಗಿ ನೋಡಿದೆ. ಪೆಡಲಿನಿಂದ ಹೋಗುವ ರಾಡಿನ ತುದಿಯ ಪಿನ್ ಅರ್ಧ ಸವೆದಿದೆ, ಅದು ಕೂರುವ ತೂತು ಮೊಟ್ಟೆಯ ಆಕಾರಕ್ಕೆ ಬಂದಿದೆ. ಇಷ್ಟು ದಿನ ಕಣ್ಣೆದುರೇ ಇದ್ದದ್ದು.

ಹಳೇ ಪಾನ

ಹೊಸ ಪಿನ್ ಹಾಕಿ, ತೂತಿಗೆ ಬುಷ್ ಕೂರಿಸಿ. ಆಮೇಲೆ ರಾಡಿನ ಲಾಕ್ ನಟ್ ಸಡಿಲಿಸಿ ಪುಸ್ತಕದ ಅಳತೆಗೆ ತನ್ನಿ. ಸವೆದ ಪಿನ್ ಹಾಗೇ ಬಿಟ್ಟು ರಾಡ್ ಮಾತ್ರ ತಿರುಗಿಸಿ ಸರಿ ಮಾಡಿದರೆ ಒಂದು ವಾರಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ. ಪೆಡಲ್ ತಿರುಗುವ ಬುಷ್ ಕೂಡ ಅಲ್ಲಾಡಿಸಿ ನೋಡಿ.

ಮೊದಲ ಸಾಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಹೊಸಬ. ನನ್ನ ಗಾಡಿ ಎಂಟು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಆದರೆ ಯಾವ ಗೇರೂ ಬೀಳುವುದಿಲ್ಲ. ಕ್ಲಚ್ ಒತ್ತಿದರೂ ಒತ್ತದಿದ್ದರೂ ಒಂದೇ. ಫ್ರೀ ಪ್ಲೇ ಸರಿಯಾಗಿದೆ. ಇದೂ ಪಿನ್ ತೊಂದರೆಯಾ?

ಗ್ರೀಸ್ ಕೈ

ಎಂಟು ತಿಂಗಳು ನಿಂತ ಗಾಡಿ ಅಂದಮೇಲೆ ಮೊದಲ ಅನುಮಾನ ತುಕ್ಕು. ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ, ಅಂದರೆ ಎಂಜಿನ್ ಹಿಂದಿನ ಭಾರದ ಚಕ್ರಕ್ಕೆ, ಅಂಟಿಕೊಂಡಿರುತ್ತದೆ. ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಹಿಂದಕ್ಕೆ ಬಂದರೂ ಕ್ಲಚ್ ಪ್ಲೇಟ್ ಬಿಡುವುದಿಲ್ಲ.

ಬಿಚ್ಚುವುದಕ್ಕೆ ಮುಂಚೆ ಒಂದು ಪ್ರಯತ್ನ ಮಾಡಬಹುದು. ಎಂಜಿನ್ ಅರ್ಧ ಗಂಟೆ ಓಡಿಸಿ ಚೆನ್ನಾಗಿ ಬಿಸಿ ಮಾಡಿ, ಬಂದ್ ಮಾಡಿ. ಬಯಲಿನಲ್ಲಿ, ಎದುರಿಗೆ ಏನೂ ಇಲ್ಲದ ಕಡೆ, ದೊಡ್ಡ ಗೇರಿಗೆ ಹಾಕಿ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿ. ಗಾಡಿ ಹೊರಡುತ್ತದೆ. ಕ್ಲಚ್ ಪೂರ್ತಿ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡಿ, ಬಿಡಿ, ನಡುನಡುವೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ. ಈ ಜಗ್ಗಾಟಕ್ಕೆ ಬಹಳ ಸಲ ಪ್ಲೇಟ್ ಪಟ್ ಅಂತ ಬಿಟ್ಟುಕೊಳ್ಳುತ್ತದೆ. ನಿಲ್ಲಿಸಬೇಕಾದರೆ ಇಂಧನ ಬಂದ್ ಮಾಡುವ ನಾಬ್ ಎಳೆಯಬೇಕು, ಅದು ಕೆಲಸ ಮಾಡುತ್ತದೆಯಾ ಅಂತ ಮೊದಲೇ ಪರೀಕ್ಷೆ ಮಾಡಿ. ಕ್ಲಚ್ ಇಲ್ಲದ ಗಾಡಿಗೆ ಅದೊಂದೇ ಲಗಾಮು.

ಉಳುಮೆ ಹುಚ್ಚ

ನನ್ನ ಗಾಡಿ ಗೇರಲ್ಲಿದ್ದರೆ ಕೀಲಿಯಿಂದ ಸ್ಟಾರ್ಟೇ ಆಗುವುದಿಲ್ಲ. ಕೆಳಗೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ಮುಗಿಯಿತು.

ಹಳೇ ಪಾನ

ಬೇಡ. ಬೇಡವೇ ಬೇಡ. ಗೇರಲ್ಲಿರುವ ಗಾಡಿಯನ್ನು ಕೆಳಗೆ ನಿಂತು ಸ್ಕ್ರೂಡ್ರೈವರಿನಲ್ಲಿ ಸ್ಟಾರ್ಟ್ ಮಾಡಿದರೆ ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಎದುರಿಗೇ. ಹೀಗೆ ಸತ್ತವರು ಎಷ್ಟೋ ಜನ. ಗೇರಲ್ಲಿದ್ದಾಗ ಸ್ಟಾರ್ಟ್ ಆಗದ ಹಾಗೆ ಸ್ವಿಚ್ ಇಟ್ಟಿರುವುದು ಇದಕ್ಕೇ. ಮೊದಲ ಸಾಲು ಅವರೇ, ನಿಮ್ಮ ಗಾಡಿಯಲ್ಲೂ ಆ ಸ್ವಿಚ್ ತಡೆದರೆ ಈ ಪ್ರಯತ್ನ ಬಿಟ್ಟುಬಿಡಿ. ಕ್ಲಚ್ ಹೌಸಿಂಗಿನ ಕಿಂಡಿಯ ಮುಚ್ಚಳ ತೆಗೆದು, ಪೆಡಲ್ ಒತ್ತಿ ಹಿಡಿಸಿ, ಪ್ಲೇಟಿನ ಅಂಚು ಕಾಣುತ್ತದಾ ಅಂತ ನೋಡಿ. ಕೆಲವು ಗಾಡಿಗಳಲ್ಲಿ ಅಲ್ಲಿಂದಲೇ ತೆಳುವಾದ ಪಟ್ಟಿ ತೂರಿಸಿ ಬಿಡಿಸಬಹುದು.

ಕೆಂಪು ಬಾನೆಟ್

ಪಿನ್, ಬುಷ್ ಹೊಸದು ಹಾಕಿ ಫ್ರೀ ಪ್ಲೇ 25ಕ್ಕೆ ತಂದೆ. ರಿವರ್ಸ್ ಈಗ ಸದ್ದಿಲ್ಲದೆ ಬೀಳುತ್ತದೆ! ಮೊದಲನೇ ಗೇರೂ ಹಾಗೆಯೇ. "ಹಲ್ಲೆಲ್ಲ ಹೋಗಿವೆ" ಅಂದದ್ದರಲ್ಲಿ ಅರ್ಧ ಕಥೆ ಒಂದು ಪಿನ್ನಿಗೆ ಮುಗಿಯಿತು.

ಮೂರನೇ ಗೇರ್ ಮಾತ್ರ ಹಾಗೇ ಇದೆ. ಟ್ರೈಲರ್ ಇಲ್ಲದೆ ಖಾಲಿ ಗಾಡಿಯಲ್ಲೂ ಒಂದೆರಡು ಸಲ ಬಿಟ್ಟಿತು. ಬೇರೆ ಗೇರುಗಳು ಬಿಡುವುದಿಲ್ಲ.

ಹಳೇ ಪಾನ

ಇನ್ನು ಲಿವರಿನ ಜೊತೆ ಮಾತಾಡಬೇಕು. ಗೇರ್ ತಾನಾಗಿ ಬಿಡುವುದಕ್ಕೆ ಕಾರಣ ಬಹಳ ಇವೆ, ಆದರೆ ಕೈಗೆ ಗೊತ್ತಾಗುವ ರೀತಿ ಬೇರೆ ಬೇರೆ.

ಒಳಗಿನ ಕಥೆ ಇಷ್ಟು. ಲಿವರ್ ಒಂದು ರಾಡನ್ನು ಹಿಂದೆ ಮುಂದೆ ಜರುಗಿಸುತ್ತದೆ. ರಾಡಿಗೆ ಫೋರ್ಕ್ ಬಿಗಿದಿರುತ್ತದೆ, ಫೋರ್ಕ್ ಗೇರನ್ನು ಜರುಗಿಸುತ್ತದೆ. ರಾಡಿನ ಮೇಲೆ ಸಣ್ಣ ಗುಳಿಗಳಿವೆ. ಸ್ಪ್ರಿಂಗ್ ಒತ್ತಿದ ಗುಂಡು ಆ ಗುಳಿಗೆ ಬಿದ್ದಾಗ ನಿಮ್ಮ ಕೈಗೆ ಟಕ್ ಅನ್ನುತ್ತದೆ. ಗೇರನ್ನು ಜಾಗದಲ್ಲಿ ಉಳಿಸುವುದು ಆ ಗುಂಡು. ಆದರೆ ಅದೊಂದೇ ಅಲ್ಲ. ಗೇರಿನ ಹಲ್ಲುಗಳು ನೇರವಾಗಿದ್ದು ಪೂರ್ತಿ ಉದ್ದಕ್ಕೆ ಕೂತಿದ್ದರೆ ಅವು ಒಂದನ್ನೊಂದು ಹೊರಗೆ ತಳ್ಳುವುದೇ ಇಲ್ಲ, ಗುಂಡಿಗೆ ಕೆಲಸ ಕಡಿಮೆ. ತುದಿ ಸವೆದು ಓರೆಯಾದಾಗ ಮಾತ್ರ ಲೋಡ್ ಬಿದ್ದ ಹಾಗೆ ಗೇರನ್ನು ಹೊರಗೆ ಜಾರಿಸುತ್ತವೆ.

ಸಮತಟ್ಟಾದ ಬಯಲಿನಲ್ಲಿ ಮೂರರಲ್ಲಿ ಹೋಗಿ. ಆಕ್ಸಿಲರೇಟರ್ ಕೊಡಿ, ತಟ್ಟನೆ ಬಿಡಿ, ಹೀಗೆ ಹತ್ತು ಸಲ. ಅಂಗೈ ಲಿವರಿಗೆ ಹಗುರವಾಗಿ ತಾಗಿರಲಿ, ಹಿಡಿಯಬೇಡಿ. ಬಿಡುವಾಗ ಲಿವರ್ ಸತ್ತವರ ಕೈಯ ಹಾಗೆ ಸುಮ್ಮನೆ ಜಾರಿ ಬಂದರೆ ಸ್ಪ್ರಿಂಗ್ ಸೋತಿದೆ ಅಥವಾ ಗುಳಿ ಸವೆದಿದೆ. ಒದ್ದ ಹಾಗೆ ಜೋರಾಗಿ ಬಂದರೆ ಹಲ್ಲು ತಳ್ಳುತ್ತಿದೆ. ಮೊದಲಿಂದಲೇ ಗಡಗಡ ನಡುಗುತ್ತಿದ್ದರೆ ಶಾಫ್ಟಿನ ಬೇರಿಂಗ್ ಸವೆದು ಶಾಫ್ಟೇ ಹಿಂದೆ ಮುಂದೆ ಓಡಾಡುತ್ತಿದೆ.

ನೊಗ

ಲಿವರ್ ಕೆಳಗಿನ ರಬ್ಬರ್ ಬೂಟ್, ಕಾಲಿನ ತಗಡು ಕೂಡ ನೋಡಿ. ಯಾರೋ ಹೊಸ ತಗಡು ಹಾಕಿಸಿದ್ದರು, ಲಿವರ್ ಅದಕ್ಕೆ ತಾಗಿ ಗೇರ್ ಪೂರ್ತಿ ಬೀಳುತ್ತಿರಲಿಲ್ಲ. ಎರಡು ಸಲ ಬಾಕ್ಸ್ ಬಿಚ್ಚಿದರು. ಕೊನೆಗೆ ಸುತ್ತಿಗೆಯಲ್ಲಿ ತಗಡು ಬಗ್ಗಿಸಿದರು, ಆಯಿತು. ಆ ಯಾರೋ ನಾನೇ.

ಕೆಂಪು ಬಾನೆಟ್

ತಗಡು ದೂರ ಇದೆ, ತಾಗುತ್ತಿಲ್ಲ. ಹತ್ತು ಸಲ ಮಾಡಿದೆ, ನಾಲ್ಕು ಸಲ ಬಿಟ್ಟಿತು. ಒದೆಯುತ್ತದೆ, ಆದರೆ ಬಹಳ ಜೋರಲ್ಲ. ನಡುಗುವುದಿಲ್ಲ. ಟಕ್ ಅನ್ನುವುದು ಮಾತ್ರ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ಗಾಡಿಯಲ್ಲಿ ಮೂರು ಮತ್ತು ನಾಲ್ಕು ಒಂದೇ ರಾಡಿನ ಮೇಲಿವೆ, ಪುಸ್ತಕದಲ್ಲಿ ನೋಡಿದೆ. ಸ್ಪ್ರಿಂಗ್ ಸೋತಿದ್ದರೆ ನಾಲ್ಕನೆಯದೂ ಬಿಡಬೇಕಲ್ಲವಾ? ನಾಲ್ಕು ಬಿಡುವುದಿಲ್ಲ. ಹಾಗಾದರೆ ಮೂರರ ಹಲ್ಲೇ ಹೋಗಿದೆ ಅಂತ ಅಲ್ವಾ? ಮನಸ್ಸು ಕುಸಿಯುತ್ತಿದೆ.

ಗ್ರೀಸ್ ಕೈ

ಲೆಕ್ಕ ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ. ನಾಲ್ಕನ್ನು ನೀವು ಯಾವಾಗ ಬಳಸುತ್ತೀರಿ?

ಕೆಂಪು ಬಾನೆಟ್

ಖಾಲಿ ಗಾಡಿಯಲ್ಲಿ ಸಮತಟ್ಟು ರಸ್ತೆಯ ಮೇಲೆ. ಲೋಡ್ ಇದ್ದರೆ ಮೂರಕ್ಕಿಂತ ಮೇಲೆ ಹೋಗುವುದಿಲ್ಲ.

ಗ್ರೀಸ್ ಕೈ

ಹಾಗಾದರೆ ನಾಲ್ಕು ಪರೀಕ್ಷೆಗೇ ಕೂತಿಲ್ಲ, ಪಾಸಾಗಿದೆ ಅಂತ ಹೇಗೆ ಹೇಳುತ್ತೀರಿ? ನಾಲ್ಕರಲ್ಲೂ ಅದೇ ಕೊಡು-ಬಿಡು ಪರೀಕ್ಷೆ ಮಾಡಿ. ಲೋ ರೇಂಜಿನಲ್ಲಿ ಮಾಡಿ, ವೇಗ ಬೇಡ.

ಕೆಂಪು ಬಾನೆಟ್

ಇಪ್ಪತ್ತು ಸಲ ಮಾಡಿದೆ. ಎರಡು ಸಲ ನಾಲ್ಕನೆಯದೂ ಬಿಟ್ಟಿತು! ಎರಡನೇ ಗೇರಿನಲ್ಲೂ ಇಪ್ಪತ್ತು ಸಲ ಮಾಡಿದೆ, ಒಂದು ಸಲವೂ ಬಿಡಲಿಲ್ಲ.

ಹಳೇ ಪಾನ

ಒಳ್ಳೇ ಸುದ್ದಿ. ನಗಬೇಡಿ, ನಿಜವಾಗಲೂ ಒಳ್ಳೇ ಸುದ್ದಿ. ಎರಡೂ ಗೇರಿನ ಹಲ್ಲು ಒಟ್ಟಿಗೇ ಹೋಗುವುದು ಅಪರೂಪ. ಎರಡಕ್ಕೂ ಸೇರಿದ್ದು ಏನು? ಗುಂಡು, ಸ್ಪ್ರಿಂಗ್, ರಾಡ್, ಫೋರ್ಕ್. ಇವೆಲ್ಲ ಮೇಲಿನ ಮುಚ್ಚಳ ತೆಗೆದರೆ ಸಿಗುವ ಸಾಮಾನು. ಬಾಕ್ಸ್ ಇಳಿಸುವ ಮಾತು ಈಗ ಬೇಡ.

ಸುಲಭದಿಂದ ಶುರು ಮಾಡಿ, ಸ್ಪ್ರಿಂಗ್ ಮೊದಲು.

ಆಯಿಲ್ ಡಬ್ಬ

ಮುಚ್ಚಳ ತೆಗೆಯುವ ಮುಂಚೆ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ ನೋಡಿ. ಆಯಿಲ್ ಸುಳ್ಳು ಹೇಳುವುದಿಲ್ಲ. ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತ ಇದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಹಿಟ್ಟಿನಂಥ ಪೇಸ್ಟ್ ಇರುತ್ತದೆ. ಹಳೇ ಗಾಡಿಗೆ ಅದು ಸಹಜ, ಹೆದರಬೇಡಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಮುರಿದಿದೆ. ತೆಳುವಾದ ಹೊಳೆಯುವ ಸಿಪ್ಪೆ ಇದ್ದರೆ ಬೇರಿಂಗ್ ಸುಲಿಯುತ್ತಿದೆ. ಹಳದಿ ಪುಡಿ ಇದ್ದರೆ ಕಂಚಿನ ಬುಷ್ ಅಥವಾ ವಾಷರ್, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಬಟ್ಟೆಯಲ್ಲಿ ಸೋಸಿ ನೋಡಬೇಕು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ನೀರು ಸೇರಿದೆ. ಬಹಳ ಸಲ ಅದು ಬರುವುದು ಗೇರ್ ಲಿವರಿನ ಹರಿದ ಬೂಟಿನಿಂದ.

ಉಳುಮೆ ಹುಚ್ಚರು ದಪ್ಪ ಆಯಿಲ್ ಅಂದರಲ್ಲ, ಅದಕ್ಕೂ ಒಂದು ಮಾತು. ಗೇರ್ ಆಯಿಲ್ 90 ನಂಬರ್, ಎಂಜಿನ್ ಆಯಿಲ್ 40 ನಂಬರ್ ಅಂದರೆ ಮೊದಲನೆಯದು ಎರಡು ಪಟ್ಟು ದಪ್ಪ ಅಂತ ತಿಳಿದುಕೊಳ್ಳುತ್ತಾರೆ. ಅವು ಎರಡೂ ಬೇರೆ ಬೇರೆ ಅಳತೆಪಟ್ಟಿ. ಬಿಸಿಯಾದಾಗ ಎಸ್ಎಇ 90 ಗೇರ್ ಆಯಿಲ್ ದಪ್ಪ ಹೆಚ್ಚುಕಡಿಮೆ ಎಸ್ಎಇ 40ರಿಂದ 50ರ ಎಂಜಿನ್ ಆಯಿಲಿನಷ್ಟೇ. ನಂಬರ್ ನೋಡಿ ಮೋಸ ಹೋಗಬೇಡಿ.

ಇನ್ನು ಬಾಕ್ಸಿನ ಆಯಿಲ್ಲೇ ಹೈಡ್ರಾಲಿಕ್‌ಗೂ ಹೋಗುವ ಗಾಡಿ ಬಹಳ ಇವೆ. ಅದಕ್ಕೆ ಅಂಟಂಟು ದಪ್ಪ ಆಯಿಲ್ ಸುರಿದರೆ ಪಂಪ್ ಎಳೆಯಲಾರದೆ ನರಳುತ್ತದೆ, ಚಳಿಗೆ ಲಿಫ್ಟ್ ಏಳುವುದೇ ಇಲ್ಲ. ಬ್ರೇಕ್ ಅದೇ ಆಯಿಲಿನಲ್ಲಿ ಮುಳುಗಿದ್ದರೆ ತಪ್ಪು ಆಯಿಲಿಗೆ ಕಿರುಚುತ್ತದೆ. ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿರುವ, ಕಂಚಿನ ಭಾಗ ಜಾಸ್ತಿ ಇರುವ ಹಳೇ ಬಾಕ್ಸಿಗೆ "ಇನ್ನೂ ಒಳ್ಳೇದು" ಅಂತ ಜಿಎಲ್-5 ಹಾಕುವುದೂ ಜಾಣತನವಲ್ಲ. ಅದರಲ್ಲಿರುವ ಗಂಧಕದ ಅಂಶ ಕೆಲವು ಆಯಿಲುಗಳಲ್ಲಿ ಹಳದಿ ಲೋಹವನ್ನು ತಿನ್ನುತ್ತದೆ. ಪುಸ್ತಕ ಕೇಳಿದ್ದನ್ನು ಹಾಕಿ, ಅಷ್ಟೇ.

ನೊಗ

ಮರದ ಹೊಟ್ಟು ಹಾಕಿ ಶಬ್ದ ಮುಚ್ಚಿ ಗಾಡಿ ಮಾರುವವರನ್ನೂ ಸೇರಿಸಿ.

ಆಯಿಲ್ ಡಬ್ಬ

ಹಹ, ಹೌದು. ಹಳೇ ಗಾಡಿ ಕೊಳ್ಳುವಾಗ ಆಯಿಲಿಗೆ ಬೆರಳು ಅದ್ದಿ ಉಜ್ಜಿ ನೋಡಲೇಬೇಕು. ನಾರು ಸಿಕ್ಕರೆ ಅಲ್ಲಿಂದ ಹೊರಟುಬಿಡಿ.

ಕೆಂಪು ಬಾನೆಟ್

ಪ್ಲಗ್ ನೋಡಿದೆ. ಬೂದು ಪೇಸ್ಟ್ ಮಾತ್ರ, ಚೂರು ಒಂದೂ ಇಲ್ಲ. ಆಯಿಲ್ ಕಪ್ಪಗಿದೆ, ನೀರಿಲ್ಲ. ಸ್ಪ್ರಿಂಗ್ ಮೂರೂ ತೆಗೆದೆ. ಪಕ್ಕಪಕ್ಕ ನಿಲ್ಲಿಸಿದರೆ ಮೂರು-ನಾಲ್ಕರ ಸ್ಪ್ರಿಂಗ್ ಉಳಿದೆರಡಕ್ಕಿಂತ ಸುಮಾರು 2 ಮಿ.ಮೀ. ಗಿಡ್ಡ! ಸಿಕ್ಕಿತು ಕಳ್ಳ ಅಂತ ಮೂರನ್ನೂ ಹೊಸದು ಹಾಕಿದೆ. ನಾಳೆ ಉಳುಮೆ.

ಉಳುಮೆ ಹುಚ್ಚ

ಶುಭವಾಗಲಿ ಅಣ್ಣ. ನಾನೂ ರಬ್ಬರ್ ಬಿಚ್ಚಿದೆ. ಲಿವರ್ ಕೂಡಲೇ ಕೈಗೆ ಬಂತು.

ಮೊದಲ ಸಾಲು

ನನ್ನ ಗಾಡಿಗೆ ಸ್ವಿಚ್ ತಡೆಯಲಿಲ್ಲ, ಸೀಟಿನಲ್ಲೇ ಕೂತು ಸ್ಟಾರ್ಟ್ ಮಾಡಿದೆ. ಮೂರು ಸುತ್ತು ಬಯಲಲ್ಲಿ ಹೋದೆ. ಮೂರನೇ ಸುತ್ತಿನಲ್ಲಿ ಬ್ರೇಕ್ ಒತ್ತಿದಾಗ ಪಟ್ ಅಂದಿತು, ಗಾಡಿ ನಿಂತಿತು, ಎಂಜಿನ್ ಓಡುತ್ತಲೇ ಇತ್ತು! ಗ್ರೀಸ್ ಕೈ ಅವರಿಗೆ ದೊಡ್ಡ ನಮಸ್ಕಾರ. ಇನ್ನೊಂದು ಸಣ್ಣ ಅನುಮಾನ. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದರೆ ಸರ್ರ್ ಅಂತ ಶಬ್ದ ಬರುತ್ತದೆ, ಬಿಟ್ಟರೆ ಇಲ್ಲ. ಬಾಕ್ಸ್ ಬೇರಿಂಗಾ?

ಹಳೇ ಪಾನ

ಒತ್ತಿದಾಗ ಬಂದರೆ ಬಾಕ್ಸ್ ಅಲ್ಲ, ರಿಲೀಸ್ ಬೇರಿಂಗ್. ಇಲ್ಲದಿದ್ದರೆ ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗ್. ಕ್ಲಚ್ ಒತ್ತಿದಾಗ ಮಾತ್ರ ಇವೆರಡಕ್ಕೂ ಕೆಲಸ.

ಉಲ್ಟಾ ಇದ್ದರೆ, ಅಂದರೆ ಬಿಟ್ಟಾಗ ಶಬ್ದ, ಒತ್ತಿದರೆ ನಿಲ್ಲುತ್ತದೆ ಅಂದರೆ, ಬಾಕ್ಸಿನ ಮುಂದಿನ ಶಾಫ್ಟ್ ಬೇರಿಂಗ್ ಕಡೆ ನೋಡಬೇಕು. ಒಂದೇ ಗೇರಿನಲ್ಲಿ ಶಬ್ದ ಇದ್ದರೆ ಆ ಗೇರಿನ ಹಲ್ಲು. ತಿರುವಿನಲ್ಲಿ ಮಾತ್ರ ಬಂದರೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಭಾಗ) ಒಳಗಿನ ಸಣ್ಣ ಗೇರುಗಳು. ಚಕ್ರ ಸುತ್ತಿದ ಲಯಕ್ಕೆ ಸರಿಯಾಗಿ ಟಕ್ ಟಕ್ ಅಂದರೆ ಹಿಂದಿನ ಆಕ್ಸಲ್ ಕಡೆಯ ದೊಡ್ಡ ಗೇರ್. ಇಷ್ಟನ್ನು ಕಿವಿಯೇ ಹೇಳಿಬಿಡುತ್ತದೆ, ಪಾನ ಬೇಕಿಲ್ಲ.

ಮೊದಲ ಸಾಲು

ರಿಲೀಸ್ ಬೇರಿಂಗ್ ಬದಲಿಸಲು ಎಂಜಿನ್ ಮತ್ತು ಬಾಕ್ಸ್ ನಡುವೆ ಬಿಚ್ಚಿ ಗಾಡಿಯನ್ನು ಎರಡು ಹೋಳು ಮಾಡಬೇಕಂತೆ. ಮನೆಯಲ್ಲಿ ಮಾಡಬಹುದಾ?

ಗ್ರೀಸ್ ಕೈ

ಮಾಡಬಹುದು, ಆದರೆ ಮೊದಲ ಸಲ ಒಬ್ಬರೇ ಮಾಡಬೇಡಿ. ಗಟ್ಟಿ ಕಾಂಕ್ರೀಟ್ ನೆಲ ಬೇಕು. ಎಲ್ಲರೂ ಮರೆಯುವುದು ಮುಂದಿನ ಆಕ್ಸಲ್ ವಿಷಯ. ಅದು ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಗಾಡಿ ಕೂಡಿದ್ದಾಗ ಹಿಂಭಾಗ ಅದನ್ನು ನೆಟ್ಟಗೆ ಹಿಡಿದಿರುತ್ತದೆ. ಬಿಚ್ಚಿದ ಕೂಡಲೇ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಬೋಲ್ಟಿಗೆ ಕೈ ಹಾಕುವ ಮೊದಲೇ ಆಕ್ಸಲ್ ಮತ್ತು ಮುಂದಿನ ಫ್ರೇಮಿನ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆ ಹೊಡೆಯಿರಿ. ಎಂಜಿನ್ ಕೆಳಗೆ, ಬಾಕ್ಸ್ ಕೆಳಗೆ ಬೇರೆ ಬೇರೆ ಸ್ಟ್ಯಾಂಡ್. ಜ್ಯಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ತೂರಬೇಡಿ. ಹಿಂದಿನ ಚಕ್ರಕ್ಕೆ ಅಡ್ಡ ಇಡಿ.

ಜೋಡಿಸುವಾಗ ಎರಡು ಉದ್ದ ಸ್ಟಡ್ ದಾರಿ ತೋರಿಸಲಿ. ಕೊನೆಯ ಒಂದು ಇಂಚು ಬರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಪ್ಲೇಟಿನ ನಡುಭಾಗ ಮುರಿಯುತ್ತದೆ ಇಲ್ಲವೇ ಹೌಸಿಂಗ್ ಕಿವಿ ಬಿರಿಯುತ್ತದೆ. ಫ್ಲೈವೀಲ್ ಸ್ವಲ್ಪ ತಿರುಗಿಸಿ, ಹಲ್ಲಿಗೆ ಹಲ್ಲು ಕೂತರೆ ತಾನಾಗಿ ಬರುತ್ತದೆ. ಎರಡು ಪ್ಲೇಟಿನ ಕ್ಲಚ್ ಆದರೆ ಪಿಟಿಒ (ಗಾಡಿಗೆ ಕಟ್ಟಿದ ಯಂತ್ರ ತಿರುಗಿಸುವ ವ್ಯವಸ್ಥೆ) ಕಡೆಯ ಶಾಫ್ಟನ್ನೂ ಸರಿಹೊಂದಿಸಬೇಕು. ಹೋಳು ಮಾಡಿದ ಮೇಲೆ ಎಂಜಿನ್ ಹಿಂದಿನ ಸೀಲ್, ಬಾಕ್ಸ್ ಮುಂದಿನ ಸೀಲ್, ಪೈಲಟ್ ಬೇರಿಂಗ್ ಎಲ್ಲ ಒಟ್ಟಿಗೇ ಹೊಸದು ಹಾಕಿಬಿಡಿ.

ಎರಡನೇ ಬೆಳೆ

ನನ್ನದು 1960ರ ದಶಕದ ಗಾಡಿ, ಲೋಡಿನಲ್ಲೇ ವೇಗ ಬದಲಿಸುವ ಸಣ್ಣ ಹ್ಯಾಂಡಲ್ ಇದೆ. ಲೋ ಕಡೆ ಇದ್ದಾಗ ಇಳಿಜಾರಿನಲ್ಲಿ ಗೇರ್ ಬಿಡುವುದಿಲ್ಲ, ಆದರೂ ಗಾಡಿ ತಾನಾಗಿ ಓಡುತ್ತದೆ, ಎಂಜಿನ್ ತಡೆಯುವುದೇ ಇಲ್ಲ. ಇದೂ ಇದೇ ರೋಗವಾ?

ಹಳೇ ಪಾನ

ಅದು ರೋಗವಲ್ಲ, ಹುಟ್ಟುಗುಣ. ಮ್ಯಾಸಿ ಫರ್ಗ್ಯುಸನ್ 135ರ ಕಾಲದ ಮಲ್ಟಿ ಪವರ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1954ರಲ್ಲಿ ತಂದ ಟಾರ್ಕ್ ಆಂಪ್ಲಿಫೈಯರ್, ಇವೆರಡರಲ್ಲೂ ಲೋ ಕಡೆಯ ಎಳೆತ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಮೂಲಕ ಬರುತ್ತದೆ. ಸೈಕಲ್ ಪೆಡಲ್ ನಿಲ್ಲಿಸಿದರೂ ಚಕ್ರ ಓಡುವ ಹಾಗೆ. ಎಂಜಿನ್ ಚಕ್ರವನ್ನು ನೂಕಬಹುದು, ಚಕ್ರ ಎಂಜಿನ್ನನ್ನು ನೂಕಲಾರದು. ನಿಮ್ಮದೂ ಅಂಥದ್ದೇ ಇದ್ದರೆ ಇಳಿಜಾರಿಗೆ ಮುಂಚೆಯೇ ಹೈ ಕಡೆಗೆ ಹಾಕಿ ಮುಖ್ಯ ಗೇರನ್ನು ಕೆಳಗಿಳಿಸಿ. ಗೊತ್ತಿಲ್ಲದವರ ಕೈಗೆ ಆ ಗಾಡಿ ಕೊಡುವಾಗ ಇದನ್ನು ಹೇಳಿಯೇ ಕೊಡಿ.

ಕೆಂಪು ಬಾನೆಟ್

ಬೇಸರದ ಸುದ್ದಿ. ಎರಡು ದಿನ ಚೆನ್ನಾಗಿತ್ತು, ಇವತ್ತು ಮತ್ತೆ ಮೂರು ಬಿಟ್ಟಿತು. ಮುಂಚೆಗಿಂತ ಕಡಿಮೆ, ಹತ್ತಕ್ಕೆ ಒಂದು. ಆದರೂ ಬಿಟ್ಟಿತು.

ಹಳೇ ಪಾನ

ಸ್ಪ್ರಿಂಗ್ ಬರೀ ಮೇಲಿನ ಪಟ್ಟಿ ಕಟ್ಟಿತು, ಗಾಯ ಒಳಗಿದೆ. ಈಗ ಮೇಲಿನ ಮುಚ್ಚಳ ತೆಗೆಯಿರಿ. ಅದಕ್ಕೆ ಮುಂಚೆ ಸುತ್ತಲೂ ಡೀಸೆಲ್ ಮತ್ತು ಬ್ರಷ್ಷಿನಲ್ಲಿ ತೊಳೆದು ಒರೆಸಿ, ಒಂದು ಹರಳು ಒಳಗೆ ಬಿದ್ದರೂ ಕೆಲಸ ಕೆಡುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿರಲಿ. ಬಿಚ್ಚಿದ ಬೋಲ್ಟ್ ಎಣಿಸಿಡಿ. ರಾಡ್ ಹೊರಗೆಳೆಯಬೇಡಿ, ಗುಂಡು ಹಾರಿ ಬಾಕ್ಸಿಗೆ ಬಿದ್ದರೆ ಹುಡುಕುವುದೇ ಒಂದು ದಿನದ ಕೆಲಸ.

ಮೂರಕ್ಕೆ ಹಾಕಿ, ಟಕ್ ಅನ್ನಲಿ. ಆಮೇಲೆ ಟಾರ್ಚ್ ಬಿಟ್ಟು ನೋಡಿ, ಗೇರ್ ಜೋಡಿಯ ಹಲ್ಲು ಪೂರ್ತಿ ಅಗಲಕ್ಕೆ ಕೂತಿದೆಯಾ, ಇಲ್ಲ ಅರ್ಧಕ್ಕೆ ನಿಂತಿದೆಯಾ? ಆಮೇಲೆ ರಾಡನ್ನು ಸ್ಕ್ರೂಡ್ರೈವರಿನಲ್ಲಿ ಅಲುಗದ ಹಾಗೆ ಹಿಡಿದು ಫೋರ್ಕನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ.

ಕೆಂಪು ಬಾನೆಟ್

ಸಿಕ್ಕಿತು. ಈ ಸಲ ನಿಜವಾಗಲೂ ಸಿಕ್ಕಿತು.

ಟಕ್ ಅಂದ ಮೇಲೂ ಮೂರರ ಗೇರ್ ಮುಕ್ಕಾಲು ಅಗಲಕ್ಕೂ ಕೂತಿರಲಿಲ್ಲ. ರಾಡ್ ತನ್ನ ಗುಳಿಯಲ್ಲಿ ಸರಿಯಾಗಿ ಇದೆ, ಫೋರ್ಕ್ ಮಾತ್ರ ರಾಡಿನ ಮೇಲೆ 5 ಮಿ.ಮೀ. ಸಡಿಲವಾಗಿ ಓಡಾಡುತ್ತಿದೆ! ಫೋರ್ಕ್ ಹಿಡಿಯುವ ಬೋಲ್ಟ್ ಎರಡು ಸುತ್ತು ಹಿಂದೆ ಬಂದಿದೆ. ಉಳಿದ ಎರಡು ಫೋರ್ಕುಗಳ ಬೋಲ್ಟಿಗೆ ತಂತಿ ಕಟ್ಟಿದ್ದಾರೆ, ಇದಕ್ಕೆ ತಂತಿಯೇ ಇಲ್ಲ. ಹಿಂದೆ ಯಾರೋ ಬಿಚ್ಚಿದವರು ಕಟ್ಟಲು ಮರೆತಿದ್ದಾರೆ.

ನೊಗ

ಒಂದು ಗೇಣು ತಂತಿ.

ಹಳೇ ಪಾನ

ಅದಕ್ಕೇ ಕೈಗೆ ಟಕ್ ಚೆನ್ನಾಗಿ ಗೊತ್ತಾಗುತ್ತಿತ್ತು. ರಾಡ್ ಮನೆ ಸೇರುತ್ತಿತ್ತು, ಗೇರ್ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಆ ಮಾತು ನೀವು ಹೇಳಿದಾಗಲೇ ನನಗೆ ಹೊಳೆಯಬೇಕಿತ್ತು, ಸ್ಪ್ರಿಂಗ್ ಹಿಂದೆ ಹೋದದ್ದು ನನ್ನ ತಪ್ಪು.

ಬೋಲ್ಟ್ ಪೂರ್ತಿ ತೆಗೆದು ತುದಿ ನೋಡಿ. ಅದು ಮೊನಚಾಗಿದ್ದು ರಾಡಿನ ಗುಂಡಿಯಲ್ಲಿ ಕೂರಬೇಕು. ಇಷ್ಟು ದಿನ ಅಲ್ಲಾಡಿ ತುದಿ ಉರುಟಾಗಿರುತ್ತದೆ, ಹೊಸದೇ ಹಾಕಿ. ತಂತಿ ಕಟ್ಟುವಾಗ ಅದು ಬೋಲ್ಟನ್ನು ಬಿಗಿಯಾಗುವ ಕಡೆಗೆ ಎಳೆಯುವ ಹಾಗೆ ತಿರುಚಬೇಕು, ಇಲ್ಲದಿದ್ದರೆ ಬರೀ ಅಲಂಕಾರ. ಫೋರ್ಕಿನ ಎರಡು ಕಾಲಿನ ದಪ್ಪ ಅಳೆಯಿರಿ, ಒಂದು ಕಾಲು ಸವೆದು ತೆಳುವಾಗಿದ್ದರೆ ಅದನ್ನೂ ಬದಲಿಸಿ. ಮೂರರ ಹಲ್ಲಿನ ತುದಿ ಹೇಗಿದೆ?

ಕೆಂಪು ಬಾನೆಟ್

ಫೋರ್ಕಿನ ಎರಡೂ ಕಾಲು ಒಂದೇ ದಪ್ಪ. ಹಲ್ಲಿನ ತುದಿಯಲ್ಲಿ ಸ್ವಲ್ಪ ಓರೆ ಇದೆ, ಹೊಳೆಯುತ್ತಿದೆ. ಮುಂದಿನ ಭಾಗ ಸವೆದಿದೆ, ಹಿಂದಿನ ಅಂಚು ಬಳಸಿಯೇ ಇಲ್ಲ ಅನ್ನುವ ಹಾಗಿದೆ.

ಹಳೇ ಪಾನ

ಹಾಗಾದರೆ ಗೇರ್ ಬದಲಿಸದೆ ಓಡಿಸಿ ನೋಡಿ. ಪೂರ್ತಿ ಕೂತರೆ ಇದುವರೆಗೆ ಕೆಲಸ ಮಾಡದ ಅಗಲಕ್ಕೂ ಲೋಡ್ ಹಂಚಿಕೆಯಾಗುತ್ತದೆ, ಹೊರಗೆ ತಳ್ಳುವುದು ಕಡಿಮೆಯಾಗುತ್ತದೆ. ಹೊಸದರ ಹಾಗೆ ಆಗುವುದಿಲ್ಲ, ಅದು ನೆನಪಿರಲಿ. ಅಂಚಿನಲ್ಲಿ ಎದ್ದ ಮುಳ್ಳುಗಳಿದ್ದರೆ ಸಾಣೆಕಲ್ಲಲ್ಲಿ ಹಗುರವಾಗಿ ಉಜ್ಜಿ, ಪುಡಿ ಕೆಳಗೆ ಬೀಳದ ಹಾಗೆ ಬಟ್ಟೆ ಹಾಸಿ. ಆ ಬಟ್ಟೆ ಮರೆಯದೆ ಹೊರಗೆ ತೆಗೆಯಿರಿ. ಬಟ್ಟೆ ಒಳಗೇ ಬಿಟ್ಟು ಮುಚ್ಚಳ ಹಾಕಿದವರನ್ನು ನೋಡಿದ್ದೇನೆ.

ಉಳುಮೆ ಹುಚ್ಚ

ನಾನೂ ಮುಚ್ಚಳ ತೆಗೆದೆ. ನನ್ನ ಫೋರ್ಕಿನ ಒಂದು ಕಾಲು ಕಾಗದದಷ್ಟು ತೆಳುವಾಗಿದೆ, ನೀಲಿ ಬಣ್ಣಕ್ಕೆ ತಿರುಗಿದೆ. ಎರಡು ವರ್ಷದ ರಬ್ಬರ್ ಪ್ರಸಾದ. ಸುಮ್ನೆ ಹೇಳಿದೆ.

ಕೆಂಪು ಬಾನೆಟ್

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹೊಸ ಬೋಲ್ಟ್, ತಂತಿ, ಲಿವರಿಗೆ ಹೊಸ ಬೂಟ್, ಪುಸ್ತಕದ ಆಯಿಲ್. ಗಾಡಿ ಸುಮಾರು 60 ಗಂಟೆ ಕೆಲಸ ಮಾಡಿದೆ. ಬಯಲಿನಲ್ಲಿ ಕೊಡು-ಬಿಡು ಪರೀಕ್ಷೆ ಐವತ್ತು ಸಲ ಮಾಡಿದೆ, ಮೂರೂ ನಾಲ್ಕೂ ಒಂದು ಸಲವೂ ಬಿಡಲಿಲ್ಲ. ಲೋಡ್ ಇದ್ದಾಗ ಇಳಿಜಾರಿಗೆ ಈಗಲೂ ಎರಡನೇ ಗೇರಿನಲ್ಲೇ ಹೋಗುತ್ತೇನೆ, ಆ ಝಲ್ ಇನ್ನೂ ಮರೆತಿಲ್ಲ. ನಿನ್ನೆ ಪ್ಲಗ್ ಬಿಚ್ಚಿ ನೋಡಿದೆ, ಬೂದು ಪೇಸ್ಟ್ ಒಂದು ಚಿಟಿಕೆ.

ಮೊದಲ ಸಾಲು

ನಮ್ಮ ಗಾಡಿ ಇವತ್ತು ಎರಡು ಹೋಳಾಗಿ ನಿಂತಿದೆ, ಬೆಣೆ ಎರಡೂ ಕಡೆ ಹೊಡೆದಿದ್ದೇವೆ. ರಿಲೀಸ್ ಬೇರಿಂಗ್ ಒಣಗಿ ಕೂತಿತ್ತು. ಒಂದು ಕೊನೇ ಪ್ರಶ್ನೆ. ಮತ್ತೆ ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಪ್ಲೇಟ್ ಅಂಟದ ಹಾಗೆ ಏನು ಮಾಡಬೇಕು?

ಗ್ರೀಸ್ ಕೈ

ಪೆಡಲ್ ಪೂರ್ತಿ ಒತ್ತಿ, ಮೇಲೆ ಬರದ ಹಾಗೆ ಒಂದು ಮರದ ತುಂಡು ಅಡ್ಡ ಕೊಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಕಲ್ಲು ಇಡಿ. ತುಂಡಿಗೆ ಕೆಂಪು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಮುಂದಿನ ಸಲ ಸ್ಟಾರ್ಟ್ ಮಾಡುವವರಿಗೆ ಅದು ಕಾಣುವುದಿಲ್ಲ.